ಕಿಟಕಿಯೊಳಗಿನ ಬಿಳಿ ಜಾಗ

ವಿನೋದಿನಿ ಪೊರಕೆ ಎತ್ತಿದಳು.

ಗ್ರಿಲ್‌ನ ಆಚೆ, ಬಟ್ಟೆ ಒಣಹಾಕುವ ತಂತಿಯ ತುದಿಯಲ್ಲಿ ಅಂಗೈಯಷ್ಟು ಕಸ ಜೋತಾಡುತ್ತಿತ್ತು. ಒಣ ಎಲೆ, ಜೇಡರ ಬಲೆ, ದಾರದ ಚೂರು. ಗೋರೆಗಾಂವ್‌ನ ಧೂಳೆಲ್ಲ ನನ್ನ ಕಿಟಕಿಗೇ ಬರಬೇಕೇ ಎಂದು ಗೊಣಗುತ್ತ ಕೈ ಚಾಚಿದ್ದಷ್ಟೇ...

"ಏ ಬ್ಯಾಡ್ರೀ! ಮುಟ್ಟಬ್ಯಾಡ್ರೀ ಅದನ್ನ!"

ಪೊರಕೆ ಕೈಜಾರಿ ಬಿತ್ತು.

ಎದುರು ಬಿಲ್ಡಿಂಗ್‌ನ ಟೆರೇಸಿನ ಮೇಲೆ ಒಬ್ಬ ಗಂಡಸು ನಿಂತಿದ್ದ. ಕಣ್ಣಿಗೆ ದುರ್ಬೀನು. ಅದರ ಎರಡು ಕಪ್ಪು ಗಾಜುಗಳು ನೇರ ಅವಳ ಅಡುಗೆಮನೆಯತ್ತಲೇ!

ಅವಳು ಪರದೆ ಎಳೆದುಬಿಟ್ಟಳು. ಹಿಂದೆ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಅದೂ ತಿಳಿಯಲಿಲ್ಲ.

'ನಮ್ಮ ಮನೆಯನ್ನೇ ನೋಡುತ್ತಿದ್ದಾನೆ... ಅದೂ ಕನ್ನಡದಲ್ಲಿ ಕೂಗಿದ! ಈ ಮರಾಠಿ ಊರಿನಲ್ಲಿ ನಾವು ಕನ್ನಡದವರೆಂದು ಅವನಿಗೆ ಹೇಗೆ ಗೊತ್ತು? ಯಾರು ಕಳಿಸಿದ್ದು?'

ಅವಳ ಭಯಕ್ಕೆ ಒಂದು ಹೆಸರು ಸಿದ್ಧವಾಗಿತ್ತು. ಆಂಟಾಪ್ ಹಿಲ್‌ನಲ್ಲಿ ಹೋಟೆಲ್ ನಡೆಸುವ ಭಾವ, ಗಂಡನ ಅಣ್ಣ ಪೂವಪ್ಪ. ಗಂಡ ಸೃಜನ್ ತೀರಿಕೊಂಡ ಮೇಲೆ ಅವರು ಹೇಳಿದ್ದ ಮಾತು ಇನ್ನೂ ಕಿವಿಯಲ್ಲಿತ್ತು. "ನೀನು ಒಂಟಿ ಹೆಂಗಸು. ನಿನ್ನ ಬಗ್ಗೆ ಒಂದು ಸಣ್ಣ ಮಾತು ಕೇಳಿಬಂದರೂ ಯಕ್ಷಿತಾ ನಮ್ಮ ಮನೆಗೆ. ನೆನಪಿರಲಿ."

"ಅಮ್ಮಾ..." ಏಳು ವರ್ಷದ ಯಕ್ಷಿತಾ ಅವಳ ಸೆರಗು ಹಿಡಿದಳು. "ಒಂದು ಕೇಳ್ಲಾ?"

"ಎಂತ ಕೇಳುವುದು ಈಗ? ಶೂ ಹಾಕು!"

"ಕುಛ್ ನಹೀಂ." ಮಗು ಮಾತು ನುಂಗಿತು. ಅಪ್ಪ ಹೋದಾಗಿನಿಂದ ಅವಳು ಹೀಗೇ. ತಾನು ಏನು ಕೇಳಿದರೂ ಅಮ್ಮನ ಕಣ್ಣು ತುಂಬುತ್ತದೆಂದು ಕಲಿತುಬಿಟ್ಟಿದ್ದಳು.

ಮಧ್ಯಾಹ್ನ ವಿನೋದಿನಿ ಪರದೆಯ ಸಂದಿಯಿಂದ ಇಣುಕಿದಳು. ಅರೆ... ಕಸಕ್ಕೆ ಬಾಗಿಲಿತ್ತು! ಹೆಬ್ಬೆರಳಿನಷ್ಟು ಪುಟ್ಟ ಸೂರಕ್ಕಿ ಕೊಕ್ಕಿನಲ್ಲಿ ಬಿಳಿ ಹತ್ತಿ ಕಚ್ಚಿಕೊಂಡು ಒಳಗೆ ತೂರಿತು. ದೇವರ ದೀಪಕ್ಕೆಂದು ಅವಳು ಹೊಸೆದು ಕಿಟಕಿಯಲ್ಲಿಟ್ಟ ಹೂಬತ್ತಿ! ಗೂಡಿನ ಹೊರಗೆ ಅವಳು ಹೊಲಿಯುವ ಬ್ಲೌಸುಗಳ ಕೆಂಪು ದಾರ.

"ಕಳ್ಳಿ!" ಎಂದಳು ವಿನೋದಿನಿ. ಎಷ್ಟೋ ದಿನಗಳ ಮೇಲೆ ನಕ್ಕಳು.

ಅಂದು ಮಗಳ ಬಣ್ಣದ ಪೆನ್ಸಿಲಿನಿಂದ ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ ಆ ಹಕ್ಕಿಯನ್ನು ಬರೆದಳು. ಕೊಕ್ಕು ಸೂಜಿಯಂತೆ ಬರುವ ಬದಲು ಸಟ್ಟುಗದಂತೆ ಬಂತು. ಮರುದಿನ ಮತ್ತೆ ಬರೆದಳು. ಅನ್ನ ಬೇಯುವಾಗ ಒಂದು ರೆಕ್ಕೆ, ಕುಕ್ಕರ್ ಕೂಗುವಾಗ ಒಂದು ಬಾಲ...

ಆದರೆ ಬೆಳಗಾದರೆ ಟೆರೇಸಿನಲ್ಲಿ ಅವನು! ಮೊಣಕಾಲ ಮೇಲೆ ಹಲಗೆ, ಕೈಯಲ್ಲಿ ಬ್ರಷ್. 'ಏನು ಬರೆಯುತ್ತಿದ್ದಾನೆ? ನನ್ನನ್ನೇ? ಆ ಚಿತ್ರ ಭಾವನ ಕೈಗೆ ಸಿಕ್ಕಿದರೆ...'

ತಡೆಯಲಾಗದೆ ಒಂದು ಭಾನುವಾರ ಮಗಳ ಕೈ ಹಿಡಿದು ಆ ಟೆರೇಸು ಹತ್ತಿಯೇಬಿಟ್ಟಳು.

"ನನ್ನ ಚಿತ್ರ ಕೊಡಿ! ಎಲ್ಲಾ ಕೊಡಿ!"

ಅವನು ಗಾಬರಿಯಿಂದ ಎದ್ದ. ಬಣ್ಣದ ನೀರು ಅವನ ಚಪ್ಪಲಿಯ ಮೇಲೇ ಚೆಲ್ಲಿತು. "ನಿಮ್ಮ ಚಿತ್ರಾ? ನಾ ಬರದಿಲ್ರೀ!"

"ಸುಳ್ಳು! ಯಾರು ಕಳಿಸಿದ್ದು ನಿಮ್ಮನ್ನು? ನಾನು ಕನ್ನಡದವಳೆಂದು ಹೇಗೆ ಗೊತ್ತಾಯಿತು?"

"ಗೊತ್ತಿರಲಿಲ್ರೀ... ಗೂಡು ಬೀಳತೈತಿ ಅಂತ ಜೀವ ಹೌಹಾರಿತ್ತು. ಗಾಬರ್ಯಾದಾಗ ನನಗ ಮರಾಠಿ ಬರೂದಿಲ್ಲ."

ಯಕ್ಷಿತಾ ಕಿಸಕ್ಕನೆ ನಕ್ಕಳು.

ಅವನ ಹೆಸರು ಗುರುಪಾದ. ವಿಜಯಪುರದ ಕಡೆಯವನು. ಫಿಲ್ಮ್ ಸಿಟಿಯಲ್ಲಿ ಸೆಟ್ಟುಗಳಿಗೆ ಬಣ್ಣ ಹಚ್ಚುವುದು ಕೆಲಸ. "ದಿನಾ ಸುಳ್ಳ ಆಕಾಶ ಬರೀತೀನ್ರಿ. ಅದಕ್ಕ ಮುಂಜಾನೆ ಒಂದೀಟು ಖರೇ ಹಕ್ಕಿ," ಎನ್ನುತ್ತ ಅವನು ಹಾಳೆಗಳನ್ನು ಹರಡಿದ.

ಗೂಡು. ತಂತಿ. ಗ್ರಿಲ್. ಕೆಂಪು ದಾರವೂ ಇತ್ತು. ಆದರೆ ಪ್ರತಿ ಚಿತ್ರದಲ್ಲೂ ಗ್ರಿಲ್‌ನ ಹಿಂದೆ ಬರೀ ಬಿಳಿ. ಅಲ್ಲಿ ಬ್ರಷ್ ಸೋಕಿಯೇ ಇರಲಿಲ್ಲ.

"ಇಲ್ಲಿ ಯಾಕೆ ಖಾಲಿ?"

"ಅದು ನಿಮ್ಮ ಮನಿ ಒಳಗ್ರೀ. ಕೇಳದ ಹೆಂಗ ಬರೀಲಿ?"

ವಿನೋದಿನಿ ಆ ಬಿಳಿ ಜಾಗದ ಮೇಲೆ ಬೆರಳಾಡಿಸಿದಳು. ಕಿವಿಯ ತುದಿ ಬಿಸಿಯಾಯಿತು.

ಆಮೇಲೆ ಭಾನುವಾರಗಳು ಬದಲಾದವು. ಟೆರೇಸಿನಲ್ಲಿ ಮೂರು ಹಲಗೆ. ಗುರುಪಾದ ಅವಳಿಗೆ ಕೊಕ್ಕಿನ ಬಾಗು ಕಲಿಸಿದ. ಅವಳ ಡಬ್ಬಿಯ ನೀರುದೋಸೆ ತಿಂದು, "ಇದನ್ನ ತಿನ್ನಬೇಕೋ, ಇದರ ಮ್ಯಾಲ ಚಿತ್ರ ಬರೀಬೇಕೋ?" ಎಂದು ನಗಿಸಿದ. ಹೆಣ್ಣು ಸೂರಕ್ಕಿ ಪರದೆ ಅಲುಗಿದರೆ ಹಾರಿಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಿತ್ತು.

ಒಮ್ಮೆ ಅವನು ತಲೆ ತಗ್ಗಿಸಿಯೇ ಕೇಳಿದ. "ಆ ಬಿಳಿ ಜಾಗಾದಾಗ... ನಿಮ್ಮನ್ನ ಬರೀಲೇನ್ರಿ?"

ಅವಳು ಬ್ರಷ್ ಕೆಳಗಿಟ್ಟಳು. 'ಭಾವ ಯಕ್ಷಿತಾಳನ್ನು ಕಿತ್ತುಕೊಂಡರೆ?'

ಮಗಳನ್ನು ಎಳೆದುಕೊಂಡು ಮೆಟ್ಟಿಲಿಳಿದಳು. ಅಂದಿನಿಂದ ಪರದೆ ಮತ್ತೆ ಮುಚ್ಚಿತು.

"ಅಮ್ಮಾ, ಒಂದು ಕೇಳ್ಲಾ?"

"ಬೇಡ ಮಗಾ."

ಪೂವಪ್ಪ ಬನ್ಸಿನ ಪೊಟ್ಟಣ ಹಿಡಿದು ಬಂದದ್ದು ಅದರ ಮುಂದಿನ ಭಾನುವಾರ. ಬಂದವರೇ ಸೆಕೆ ಎಂದು ಪರದೆ ಸರಿಸಿದರು. ಎದುರು ಟೆರೇಸಿನಲ್ಲಿ ಗುರುಪಾದ! ಕಿಟಕಿಗೆ ಓಡಿದ ಯಕ್ಷಿತಾ ಕೈ ಬೀಸಿಯೇಬಿಟ್ಟಳು.

"ಯಾರವ?" ಪೂವಪ್ಪನ ಹುಬ್ಬು ಗಂಟಾಯಿತು.

"ಹಕ್ಕಿ... ಹಕ್ಕಿಯ ಚಿತ್ರ ಬರೆಯುವವರು."

"ಹೌದಾ? ಈ ಗೂಡು ಹೋದರೆ ಅವನಿಗೆ ಇಲ್ಲಿ ನೋಡ್ಲಿಕ್ಕೆ ಎಂತ ಉಂಟು?" ಅವರು ಮೂಲೆಯ ಪೊರಕೆ ಎತ್ತಿಕೊಂಡರು.

ಗೂಡಿನ ಬಾಗಿಲಲ್ಲಿ ಎರಡು ಪುಟ್ಟ ಬಾಯಿಗಳು ತೆರೆದಿದ್ದವು.

"ಮುಟ್ಟಬೇಡಿ ಭಾವ!"

ಅಷ್ಟು ದೊಡ್ಡ ದನಿ ತನ್ನದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. ಅವರಿಗೂ ಕಿಟಕಿಗೂ ನಡುವೆ ಹೋಗಿ ನಿಂತಳು.

"ನಾನೂ ಅವರ ಜೊತೆ ಚಿತ್ರ ಬರೀತೇನೆ. ಯಾರು ಏನು ಹೇಳಿದರೂ ಹೇಳಲಿ. ನಾನು ಯಕ್ಷಿತಾಳ ಅಮ್ಮ. ಅವಳು ಎಲ್ಲಿಗೂ ಬರುವುದಿಲ್ಲ!"

ಪೂವಪ್ಪ ಯಕ್ಷಿತಾಳ ಕಡೆ ನೋಡಿದರು. ಅವಳು ಅಮ್ಮನ ಸೊಂಟ ತಬ್ಬಿ ನಿಂತಿದ್ದಳು. ಪೊರಕೆ ನಿಧಾನವಾಗಿ ಕೆಳಗಿಳಿಯಿತು.

"ನಿನಗೆ ಇಷ್ಟು ಸ್ವರ ಉಂಟೂಂತ ಗೊತ್ತಿರಲಿಲ್ಲ ಮಾರಾಯ್ತಿ," ಎಂದರು. ಬನ್ಸಿನ ಪೊಟ್ಟಣ ಮೇಜಿನ ಮೇಲಿಟ್ಟರು. "ಆ ಮನುಷ್ಯನಿಗೆ ಒಮ್ಮೆ ಹೋಟೆಲಿಗೆ ಬರ್ಲಿಕ್ಕೆ ಹೇಳು. ನಾನೂ ನೋಡಬೇಕಲ್ಲ."

ಅವರು ಹೋದರು. ಅವಳು ನೆಲಕ್ಕೆ ಕುಸಿದು ಅತ್ತಳು.

ತುಸು ಹೊತ್ತಿಗೆ ಬಾಗಿಲು ಸದ್ದಾಯಿತು. ಹೊಸ್ತಿಲ ಆಚೆಯೇ ಗುರುಪಾದ ನಿಂತಿದ್ದ. ಓಡಿ ಬಂದು ಏದುಸಿರು ಬಿಡುತ್ತಿದ್ದ. ಕಂಕುಳಲ್ಲಿ ಹಲಗೆ.

"ಪೊರಕಿ ಎತ್ತಿದ್ದು ಕಂಡಿತ್ರೀ... ನಿಮಗೇನೂ ಆಗಿಲ್ಲಲ್ಲ?"

"ಗೂಡಿಗೆ ಏನಾಯಿತು ಅಂತ ಕೇಳುತ್ತೀರಿ ಅಂದುಕೊಂಡೆ."

"ಗೂಡು ಆಮ್ಯಾಲ." ಅವನ ದನಿ ತಗ್ಗಿತು. "ಪರದಿ ಮುಚ್ಚಿದಾಗಿಂದ ಒಂದ ಗೆರಿನೂ ಬರದಿಲ್ರೀ. ನೀವಂದ್ರ ನನಗ ಜೀವ."

ವಿನೋದಿನಿ ಕಣ್ಣೊರೆಸಿಕೊಂಡಳು. "ಆ ಬಿಳಿ ಜಾಗ... ಬರೀರಿ."

"ಹೆದರಿಕಿ ಹೋತೇನು?"

"ಇಲ್ಲ. ಉಂಟು. ಆದರೂ ಬರೀರಿ."

ಮಗು ಅಮ್ಮನ ಮುಖ ನೋಡಿತು, ಅವನ ಮುಖ ನೋಡಿತು.

"ಅಮ್ಮಾ, ಒಂದು ಕೇಳ್ಲಾ?"

ವಿನೋದಿನಿ ಅವಳನ್ನು ಹತ್ತಿರ ಎಳೆದುಕೊಂಡಳು. "ಕೇಳು ಮಗಾ. ಏನು ಬೇಕಾದರೂ ಕೇಳು."

"ಕಿಟಕಿ ಒಳಗೆ ನಮ್ಮಿಬ್ಬರನ್ನ ಬರೆದ ಮೇಲೆ... ಅಂಕಲ್ ಆ ಟೆರೇಸಲ್ಲೇ ಒಬ್ಬರೇ ಅಕೇಲೇ ಇರ್ತಾರಾ, ಇಲ್ಲ ಅವರೂ ಒಳಗೆ ಬರ್ತಾರಾ?"