ಯಾರದೋ ಅಳತೆಯ ಅಂಗಿ

"ರೀ... ಬಂದ್ರಾ!"

ಶಾಲೆಯ ಕಾರಿಡಾರಿನಲ್ಲಿ ಆ ಕೂಗಿಗೆ ಆಯಾ, ಗೇಟ್ ತಾತ, ಕ್ಲಾಸ್ ಟೀಚರ್ ಎಲ್ಲರೂ ತಿರುಗಿ ನೋಡಿದರು. ಕೂಗಿದವಳಿಗೆ ಮಾತ್ರ ಅದು ತನ್ನದೇ ದನಿ ಎಂದು ಗೊತ್ತಾಗಲಿಲ್ಲ.

ಅವಳ ಕಣ್ಣ ಮುಂದೆ ಒಂದು ಬೆನ್ನಿತ್ತು. ನೀಲಿ ಅಂಗಿ. ಎಡಭುಜ ಬಲಕ್ಕಿಂತ ಒಂಚೂರು ಇಳಿಜಾರು. ಎರಡು ವರ್ಷದ ಹಿಂದೆ ತೀರಿಕೊಂಡ ಗಂಡನ ಬೆನ್ನು ಅದು! ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

ಆ ಬೆನ್ನು ತಿರುಗಿತು.

ಗಂಡನಲ್ಲ... ಮಗಳ ಡ್ರಾಯಿಂಗ್ ಮೇಷ್ಟ್ರು.

"ನನ್ನನ್ನಾ ಕರೆದಿದ್ದು?"

ಅವನ ಮುಖದಲ್ಲಿ ಎಂಥ ಖುಷಿ! ಪಾಪ, ಆ ಖುಷಿ ಕಂಡದ್ದೇ ಅವಳು ಸರಕ್ಕನೆ ನೆಲ ನೋಡಿದಳು.

ಆಗಿದ್ದಿಷ್ಟು. ಅವಳು ಟೈಲರ್. ಕ್ರಿಸ್ಮಸ್ ರಜೆಗೆ ಮುಂಚೆ ಶಾಲೆಯವರಿಗೆಲ್ಲ ಉಡುಗೊರೆ ಕೊಡಲೇಬೇಕೆಂದು ಮಗಳು ಪುಟ್ಟಿ ಹಟ ಹಿಡಿದಿದ್ದಳು. ಕಳೆದ ವಾರ ಇಬ್ಬರೂ ಹೊಲಿಗೆ ಮಿಷನ್ ಪಕ್ಕ ಬಟ್ಟೆ ಹರವಿಕೊಂಡು ಕೂತಿದ್ದರು.

"ಕ್ಲಾಸ್ ಟೀಚರ್‌ಗೆ ಏನಮ್ಮಾ?"

"ಪುಸ್ತಕ ಹೊತ್ತೂ ಹೊತ್ತೂ ಅವರ ಬ್ಯಾಗ್ ಹಿಡಿಯೇ ಕಿತ್ತೋಗಿದೆ. ಗಟ್ಟಿ ಬಟ್ಟೇಲಿ ಒಂದು ಬ್ಯಾಗ್ ಹೊಲಿಯೋಣ."

"ಆಯಾಗೆ?"

"ದೊಡ್ಡ ಜೇಬಿರೋ ಏಪ್ರನ್. ನಿಮ್ಮೆಲ್ಲರ ಕರ್ಚೀಫ್ ಸೊಂಟಕ್ಕೆ ಸಿಕ್ಕಿಸ್ಕೊಂಡು ಓಡಾಡ್ತಾರೆ ಪಾಪ."

"ಗೇಟ್ ತಾತಂಗೆ?"

"ಕುರ್ಚಿಗೆ ಮೆತ್ತೆ. ಕೂತೂ ಕೂತೂ ಅವರ ಸೊಂಟ ಹಿಡ್ಕೊಂಡಿದೆ."

"ಡ್ರಾಯಿಂಗ್ ಸರ್‌ಗೆ?"

ಅವಳು ತಡವರಿಸಿದಳು. ಅಪ್ಪ ಹೋದ ಮೇಲೆ ಬಾಯಿಯೇ ಬಿಡದಿದ್ದ ಮಗುವಿನ ಕೈಗೆ ಬಣ್ಣದ ಪೆನ್ಸಿಲ್ ಕೊಟ್ಟು ಮಾತಿಗೆಳೆದವನು ಅವನು. ಮಗಳನ್ನು ಕರೆತರಲು ಹೋದಾಗೆಲ್ಲ ಬಾಗಿಲವರೆಗೂ ಬಂದು ಮಾತಾಡುತ್ತಿದ್ದ. ಅವಳು ನೆಲ ನೋಡುತ್ತಲೇ ಉತ್ತರಿಸುತ್ತಿದ್ದಳು.

"ಅವರಿಗೆ... ಅಂಗಿ."

ಅಳತೆ ಕೇಳಲು ಸಂಕೋಚ. ಹಾಗೇ ಕತ್ತರಿ ಹಿಡಿದಳು. ಕೈ ತನ್ನಷ್ಟಕ್ಕೆ ತಾನೇ ಓಡಿತು. ಯಾರ ಅಳತೆಗೆ ಓಡಿತ್ತು ಎಂಬುದು ಈಗ ಕಾರಿಡಾರಿನಲ್ಲಿ ಎಲ್ಲರೆದುರು ಜೋತಾಡುತ್ತಿತ್ತು!

ಅಲ್ಲ, ದಾರಿಹೋಕರ ಅಳತೆಯನ್ನೂ ಕಣ್ಣಲ್ಲೇ ಹೇಳುವ ಹೆಂಗಸು ಇವಳು! ಇಂಥ ಸಣಕಲು ಮನುಷ್ಯನಿಗೆ ಅಷ್ಟಗಲದ ಅಂಗಿ ಹೊಲಿಯುವುದೇ? ತೋಳು ಅವನ ಬೆರಳ ತುದಿ ಮುಟ್ಟುತ್ತಿತ್ತು. ಆದರೂ ಹಿಂದಿನ ದಿನ ಪುಟ್ಟಿ ಕೊಟ್ಟಿದ್ದನ್ನು ಹಾಕಿಕೊಂಡು ಬಂದಿದ್ದ, ಇಸ್ತ್ರಿ ಬೇರೆ ಮಾಡಿಕೊಂಡು.

ಅಷ್ಟರಲ್ಲಿ ಪುಟ್ಟಿ ಓಡಿ ಬಂದಳು. "ಅಮ್ಮಾ! ಸರ್ ಹಿಂದಿನಿಂದ ಥೇಟ್ ಅಪ್ಪನ ಥರಾನೇ!"

ಅವನ ನಗು ಅಲ್ಲೇ ಆರಿಹೋಯಿತು.

"ಊರಿಗೆಲ್ಲ ಅಚ್ಚುಕಟ್ಟಾಗಿ ಹೊಲಿಯೋರು ನಂಗ್ಯಾಕೆ ಹೀಗೆ ಹೊಲಿದ್ರು ಅಂತ ಯೋಚಿಸ್ತಿದ್ದೆ. ಇದು ಅವರ ಅಳತೆ... ಅಲ್ವಾ ಮೇಡಂ?"

ಅವಳು ಪುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅವರ ಜಾಗಕ್ಕೆ ನನ್ನನ್ನ ನಿಲ್ಲಿಸೋದಾದ್ರೆ ಬೇಡ ಮೇಡಂ. ನಂಗೆ... ಬೇರೇನೇ ಆಸೆ ಇತ್ತು."

ಬಣ್ಣದ ಕೆಲಸಕ್ಕೆಂದು ಇಟ್ಟಿದ್ದ ಹಳೆಯ ಅಂಗಿ ಹಾಕಿಕೊಳ್ಳಲು ಅವನು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಆಯಾ ಬಂದು, ಮಡಿಸಿದ ಅಂಗಿಯನ್ನು ಅವಳ ಕೈಗಿಟ್ಟು ಹೋದಳು. ಆ ದಿನ ಮೇಷ್ಟ್ರು ಬಾಗಿಲಿಗೆ ಬರಲಿಲ್ಲ.

ಆ ಸಂಜೆ ಮನೆ ತುಂಬ ಗಂಡನೇ. ಅಂಗಿಯನ್ನು ಬಾಗಿಲ ಹಿಂದಿನ ಗೂಟಕ್ಕೆ ತಗುಲಿಸಿ ಎದುರಿಗೆ ಕೂತಳು. ಫ್ಯಾನ್ ಆರಿಸಿದ ಮೇಲೂ ತೋಳು ಅಲುಗಿದಂತಾಯಿತು.

"ನೀವೇನಾ ನನ್ನ ಕೈ ಹಿಡಿದು ಕತ್ತರಿಸಿದ್ದು?" ಮೆಲ್ಲಗೆ ಕೇಳಿದಳು. "ಹೋಗಿ ಅಂತ ಹೆಂಗ್ರೀ ಹೇಳ್ಲಿ? ಇರಿ ಅಂದ್ರೆ ನಾನು ಹೆಂಗೆ ಬದುಕ್ಲಿ?"

ಅಂಗಿ ಏನು ಹೇಳೀತು?

ಅವಳು ಅತ್ತಳು. ಅಳುತ್ತಲೇ ಒಂದು ಯೋಚನೆ ಚುಚ್ಚಿತು. 'ತಾತನ ಸೊಂಟ ನೋವು ಗೊತ್ತು... ಆಯಾನ ಅವಸ್ಥೆ ಗೊತ್ತು... ಈ ಮೇಷ್ಟ್ರ ಕಣ್ಣು ಹೇಗಿದೆ ಅಂತ ಕೇಳಿದ್ರೆ ನಂಗೆ ಗೊತ್ತಿಲ್ಲ! ಎದುರಿಗೇ ನಿಂತಿರ್ತಿದ್ದ. ನಾನು ನೋಡ್ಲೇ ಇಲ್ಲ. ಯಾಕೆ?'

ಉತ್ತರ ಗೊತ್ತಿತ್ತು. ಅದಕ್ಕೇ ಅಷ್ಟು ಹೆದರಿಕೆ.

ಮರುದಿನ ರಜೆಗೆ ಮುಂಚಿನ ಕೊನೆಯ ದಿನ. ಅವನು ಗೋಡೆಯಿಂದ ಮಕ್ಕಳ ಚಿತ್ರಗಳನ್ನು ಬಿಚ್ಚುತ್ತಿದ್ದ. ಅವಳು ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತಳು.

"ಪುಟ್ಟಿ ಆಟದ ಮೈದಾನದಲ್ಲಿದಾಳೆ" ಎಂದ, ತಿರುಗದೆಯೇ.

"ನಾನು ನಿಮ್ಮ ಹತ್ರ ಬಂದಿದ್ದು."

ಅವನ ಕೈ ನಿಂತಿತು.

"ಎಲ್ರಿಗೂ ಅವರವರದ್ದು ಕೊಟ್ಟೆ. ನಿಮಗೆ ಮಾತ್ರ ನಮ್ಮ ಯಜಮಾನರದ್ದು ಕೊಟ್ಟೆ. ಬೇಕಂತ ಮಾಡಿದ್ದಲ್ಲ ಸರ್... ನಿಮ್ಮನ್ನ ಸರಿಯಾಗಿ ನೋಡೋಕೆ ನಂಗೆ ಭಯ ಇತ್ತು."

"ನನ್ನನ್ನ ನೋಡೋಕಾ? ಇದೊಂದು ಬಾಕಿ ಇತ್ತು ನೋಡಿ! ಮಕ್ಕಳೇ ಹೆದರಲ್ಲ ನಂಗೆ."

ಅವಳಿಗೆ ನಗು ಬಂತು, ಜೊತೆಗೇ ಕಣ್ಣಲ್ಲಿ ನೀರೂ ಬಂತು.

"ನೋಡಿದ್ರೆ... ಇಷ್ಟ ಆಗಿಬಿಡ್ತೀರ ಅಂತ. ಆಮೇಲೆ ಮನೆಗೆ ಹೋಗಿ ಅವರಿಗೆ ಹೆಂಗೆ ಮುಖ ತೋರಿಸ್ಲಿ ಅಂತ..."

ಅವನು ಚಿತ್ರಗಳನ್ನು ಮೇಜಿನ ಮೇಲಿಟ್ಟು ಹತ್ತಿರ ಬಂದ.

"ಅವರು ಮನೆ ಬಿಟ್ಟು ಹೋಗ್ಲಿ ಅಂತ ನಾನು ಯಾವತ್ತೂ ಕೇಳಲ್ಲ. ಪುಟ್ಟಿ ಅಪ್ಪ ಅವರು, ಇರ್ಲಿ. ಆದ್ರೆ ನಾನು ಬಾಗಿಲಿಗೆ ಬಂದಾಗ, ಬಂದಿರೋದು ನಾನೇ ಅಂತ ನಿಮಗೆ ಗೊತ್ತಾಗ್ಬೇಕು. ಅಷ್ಟು ಸಾಕು ನಂಗೆ."

ಅವಳು ತಲೆ ಎತ್ತಿದಳು. ಮೊದಲ ಸಲ ಅವನನ್ನು ನೆಟ್ಟಗೆ ನೋಡಿದಳು! ಕಂದು ಕಣ್ಣು. ನಿದ್ದೆಗೆಟ್ಟು ಕೆಂಪಾಗಿದ್ದವು. ಹುಬ್ಬಿನ ಹತ್ತಿರ ಹಳೆಯ ಗಾಯದ ಗುರುತು. ಕಿವಿ ಸ್ವಲ್ಪ ಅಗಲವೇ. ಕೆನ್ನೆಯ ಮೇಲೆ ಹಸಿರು ಬಣ್ಣದ ಚುಕ್ಕೆ.

ಎಲ್ಲಿಯೂ, ಒಂದಿಷ್ಟೂ, ಗಂಡನ ಹೋಲಿಕೆಯಿರಲಿಲ್ಲ.

ಅವನಿಗೆ ಮುಜುಗರವಾಯಿತು. "ಏನು ಹಾಗೆ ನೋಡ್ತಿದೀರಾ?"

"ನಿಮ್ಮನ್ನ."

"ಆಯ್ತಾ?"

"ಸುಮ್ನೆ ನಿಂತ್ಕೊಳ್ಳಿ. ಇನ್ನೂ ನೋಡಿ ಮುಗಿದಿಲ್ಲ."