ಕಾಂಕ್ರೀಟಿನ ಕೆಳಗಿನ ಚೌಕ

ಮೊದಲ ರಾಶಿ ಕಾಂಕ್ರೀಟ್ ನನ್ನ ಕಾಲ ಬಳಿಯೇ ಬಿತ್ತು.

ಥಪ್!

ಎರಡನೆಯದು ಭುಜಕ್ಕೆ ಬಡಿದು ಕೆಡವಿತು. ಕೈಯಲ್ಲಿದ್ದ ಫೋನ್ ಹಾರಿ ಬೂದು ಕೆಸರಿನಲ್ಲಿ ಮುಳುಗಿತು. ಆಗಷ್ಟೇ ತೆಗೆದ ಫೋಟೋಗಳೂ...

ಮೇಲೆ, ಗುಂಡಿಯ ಅಂಚಿನಲ್ಲಿ, ಪಂಪಿನ ಪೈಪು ನನ್ನತ್ತಲೇ ತಿರುಗುತ್ತಿತ್ತು.

"ನಿಲ್ಲಿಸಿ! ಕೆಳಗೆ ಜನ ಇದ್ದಾರೆ!"

"ಗೊತ್ತುಂಟು!"

ಕನ್ನಡದಲ್ಲೇ ಉತ್ತರ ಬಂತು.

ನಾನು ಶಾರನ್. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ಆಫೀಸು. ಇನ್ಶೂರೆನ್ಸ್ ಕಂಪನಿಗಳಿಗಾಗಿ ಆಕ್ಸಿಡೆಂಟ್ ಕೇಸುಗಳ ಹಿಂದಿನ ಸುಳ್ಳು ಹುಡುಕುವುದು ನನ್ನ ಕೆಲಸ. ರುವೈಸ್ ದಾರಿಯ ಈ ಸಣ್ಣ ಪಟ್ಟಣಕ್ಕೆ ಬಂದದ್ದೂ ಅದಕ್ಕೇ. ಫಾರ್ಮಸಿ, ಕೆಫೆಟೇರಿಯಾಗಳ ನಡುವೆ ಮಾಲ್ ಕಟ್ಟಲು ಗುಂಡಿ ತೋಡಿದ್ದರು. ಸೈಟ್ ಇಂಜಿನಿಯರ್ ಜೋಸ್ವಿನ್ ಅದರೊಳಗೆ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದ. ಕಾಲು ಜಾರಿತಂತೆ. ಕಂಪನಿಯ ಮಾತು.

ಆ ಬೆಳಿಗ್ಗೆ ಅವನ ಹೆಂಡತಿ ಪರ್ಲ್ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಕೈ ಹಿಡಿದುಕೊಂಡಿದ್ದಳು.

"ಜಾರಿದ್ದಲ್ಲ ಅಕ್ಕ... ದೂಡಿದ್ದು! ಕೆಳಗೆ ರೋಮನ್ನರ ಕಾಲದ್ದು ಏನೋ ಸಿಕ್ಕಿದೆ, ಸರ್ಕಾರಕ್ಕೆ ತಿಳಿಸ್ತೇನೆ ಅಂತ ಇವರು ಹೇಳಿದ್ರು. ಮರುದಿನವೇ ಹೀಗಾಯ್ತು."

"ಯಾರು ದೂಡಿದ್ದು?"

"ಪ್ರಾಜೆಕ್ಟ್ ಮ್ಯಾನೇಜರ್, ಆಸ್ವಾಲ್ಡ್ ಅಂಕಲ್. ನಮ್ಮ ಮಗಳ ದೀಕ್ಷಾಸ್ನಾನಕ್ಕೆ ಗಾಡ್‌ಫಾದರ್ ಆಗಿ ನಿಂತವರೂ ಅವರೇ!"

ನಂಬಲಿಲ್ಲ. ಮಧ್ಯಾಹ್ನ ಕೆಲಸದವರು ಊಟಕ್ಕೆ ಹೋದಾಗ ಗುಂಡಿಗಿಳಿದೆ. ಟಾರ್ಪಾಲಿನ್ ಎಳೆದೆ.

ನಂಬಿದೆ!

ಕಲ್ಲು ಹಾಸಿದ ದೊಡ್ಡ ಚೌಕ. ಸುತ್ತಲೂ ಮುರಿದ ಕಂಬಗಳ ಬುಡಗಳು. ಒಂದು ಕಲ್ಲಿನ ಮೇಲೆ ಲ್ಯಾಟಿನ್ ಅಕ್ಷರಗಳು, ನಮ್ಮೂರ ಇಗರ್ಜಿಯ ಹಳೇ ಗೋರಿಗಳಲ್ಲಿ ಕಂಡಂಥವು. ಫೋರಂ! ಸಂತೆ, ಸಭೆ, ನ್ಯಾಯ ಎಲ್ಲ ನಡೆಯುತ್ತಿದ್ದ ಜಾಗ. ಎರಡು ಸಾವಿರ ವರ್ಷದ ಹಿಂದೆ ವ್ಯಾಪಾರಕ್ಕೆಂದು ಊರು ಬಿಟ್ಟು ಬಂದವರು ತಮ್ಮೂರಿನ ಹಾಗೆಯೇ ಕಟ್ಟಿಕೊಂಡಿದ್ದರು.

ಫೋಟೋ ತೆಗೆಯುತ್ತಿದ್ದಾಗಲೇ ಪಂಪು ಗುಡುಗಿತ್ತು.

ಈಗ ಕಾಂಕ್ರೀಟ್ ಮೊಣಕಾಲಿಗೆ ಬಂದಿತ್ತು. ಕಂಬದ ಬುಡ ಹತ್ತಿದೆ. ಅಲ್ಲಿಂದ ಗೋಡೆಯ ಕಬ್ಬಿಣದ ಸರಳಿಗೆ ನೆಗೆದೆ! ಅಂಗೈ ಸೀಳಿತು. ಹೇಗೋ ಮೇಲೆ ಬಂದರೆ ಎದುರಿಗೆ ಆಸ್ವಾಲ್ಡ್.

"ಎಂತಕ್ಕೆ ಮಾರಾಯ್ತಿ ಇದೆಲ್ಲ? ನಮ್ಮೂರಿನವಳು ನೀನು..."

"ಜೋಸ್ವಿನ್ ಯಾವೂರಿನವ?"

ಅವನ ಮುಖ ಬಿಗಿಯಿತು. "ಕೆಲಸ ನಿಂತ್ರೆ ಇಲ್ಲಿದ್ದವರೆಲ್ಲ ಮನೆಗೆ ಹೋಗಬೇಕು. ಆ ಕಲ್ಲುಗಳಿಗೆ ಹೆಂಡತಿ ಮಕ್ಕಳು ಉಂಟಾ?"

ಕಾಲರ್ ಹಿಡಿದು ಗುಂಡಿಯತ್ತ ಎಳೆದ.

ನನ್ನ ಹೆಲ್ಮೆಟ್ ಬಿಚ್ಚಿ ಅವನ ಮೂಗಿಗೆ ಬೀಸಿದೆ. ಓಡಿದೆ! ಹಿಂದೆ ಪಿಕಪ್ಪಿನ ಸದ್ದು. ಕೆಫೆಟೇರಿಯಾಕ್ಕೆ ನುಗ್ಗಿ, ಪರೋಟ ಬೇಯಿಸುತ್ತಿದ್ದವನನ್ನು ಪಕ್ಕಕ್ಕೆ ತಳ್ಳಿ, ಹಿಂಬಾಗಿಲಿನಿಂದ ಹೊರಬಿದ್ದೆ. ಸಿಕ್ಕ ಟ್ಯಾಕ್ಸಿಯ ಬಾಗಿಲು ಎಳೆದೆ.

"ಯಲ್ಲಾ, ಬೇಗ! ಪೊಲೀಸ್ ಸ್ಟೇಷನ್!"

ಪೊಲೀಸರು ಕೂಡಲೇ ಬಂದರು. ಪುರಾತತ್ವದ ಅಧಿಕಾರಿಣಿಯೂ ಬಂದರು. ಅಷ್ಟರಲ್ಲಿ ಕಾಂಕ್ರೀಟ್ ತುಂಬಿ ಗುಂಡಿಯ ತಳ ಸಪಾಟಾಗಿತ್ತು. ನಾನು ಕೆಳಗಿದ್ದದ್ದೇ ಗೊತ್ತಿರಲಿಲ್ಲ ಎಂದ ಆಸ್ವಾಲ್ಡ್, ಮೂಗಿಗೆ ಐಸ್ ಒತ್ತಿಕೊಂಡು. ತಾವು ಊಟಕ್ಕೆ ಹೋಗಿದ್ದೆವು ಎಂದರು ಕೆಲಸದವರು.

"ಫೋಟೋ ಇಲ್ಲದೆ ನಿಮ್ಮ ಮಾತೊಂದೇ ಸಾಲದು. ಆ ಇಂಜಿನಿಯರ್ ಒಂದು ಮಾತು ಹೇಳಲಿ," ಎಂದರು ಅಧಿಕಾರಿಣಿ. "ಇಡೀ ನೆಲ ಒಡೆಸುತ್ತೇನೆ."

ಆಸ್ಪತ್ರೆಗೆ ಹೋದೆವು. ಜೋಸ್ವಿನ್ ಸೀಲಿಂಗ್ ನೋಡುತ್ತ ಮಲಗಿದ್ದ.

"ನಾನೇ ಜಾರಿದ್ದು. ಕೆಳಗೆ ಮರಳು ಬಿಟ್ರೆ ಎಂತದ್ದೂ ಇರ್ಲಿಲ್ಲ."

"ಜೋಸ್ವಿನ್!"

ಅವನು ಕಣ್ಣು ಮುಚ್ಚಿಕೊಂಡ. ಅಧಿಕಾರಿಣಿ ನಿಟ್ಟುಸಿರು ಬಿಟ್ಟು ಹೊರಟರು.

ಪರ್ಲ್ ಕಿಟಕಿಯತ್ತ ತಿರುಗಿ ನಿಂತಿದ್ದಳು. "ಅಂಕಲ್ ಬಂದಿದ್ರು ಅಕ್ಕ... ಇವರಿಗೆ ಇನ್ನು ನಡಿಲಿಕ್ಕೆ ಆಗುದಿಲ್ಲ. ರುವೈಸಲ್ಲಿ ಕೂತು ಮಾಡುವ ಕೆಲಸ, ಕಂಪನಿ ಮನೆ, ವೀಸಾ... ಎಲ್ಲ ಕೊಡ್ತಾರಂತೆ. ಊರಿಗೆ ಹೋಗಿ ನಾವು ಎಂತ ಮಾಡುದು?"

ಬೈಯಲು ಬಾಯಿ ತೆರೆದೆ. ಹೊದಿಕೆಯೊಳಗೆ ಅವನ ಕಾಲುಗಳು ಅಲುಗದೆ ಬಿದ್ದಿದ್ದವು.

ರಿಪೋರ್ಟಿನಲ್ಲಿ 'ಕಾಲು ಜಾರಿತು' ಎಂದೇ ಬರೆದೆ. ಕೇಸ್ ಖಲಾಸ್!

ಕಳೆದ ತಿಂಗಳು ಮಾಲ್ ಓಪನ್ ಆಯಿತು. ಹೆಸರು 'ರೋಮನ್ ಪ್ಲಾಝಾ'. ಒಳಗೆ ದೊಡ್ಡ ಚೌಕ, ಸುತ್ತ ಪ್ಲಾಸ್ಟರಿನ ಬಿಳಿ ಕಂಬಗಳು. ಮುಟ್ಟಬೇಡಿ ಎಂದು ಬೋರ್ಡು ಹಾಕಿದ್ದಾರೆ...

ಬಣ್ಣ ಇನ್ನೂ ಒಣಗಿಲ್ಲವಂತೆ!