ಟವೆಲ್ಲಿನ ಒಳಗಿನ ಬೆರಳು

"ಈ ಸಲ ನನ್ನ ಬೆರಳು ಹಿಡೀಬ್ಯಾಡಿ ಮಾವ… ನನ್ನ ಓಟು ನಾನೇ ಒತ್ತೀನಿ!"

ಸೊಸೆ ಭಾನುಪ್ರಿಯ ಹಾಗೆಂದದ್ದೇ ತಡ, ಚಿಕ್ಕಹನುಮಯ್ಯ ಕಾಫಿ ಲೋಟವನ್ನು ಠಣ್ಣನೆ ಜಗಲಿಗೆ ಕುಕ್ಕಿದ. ತಿಪ್ಪಸಂದ್ರದ ಸುತ್ತಮುತ್ತ ದನದ ದಲ್ಲಾಳಿ ಎಂದರೆ ಅವನೇ. ಟವೆಲ್ಲಿನ ಮರೆಯಲ್ಲಿ ಎದುರಿನವನ ಬೆರಳು ಹಿಡಿದು, ಮೂರನೆಯವನಿಗೆ ತಿಳಿಯದಂತೆ ಬೆರಳ ಲೆಕ್ಕದಲ್ಲೇ ಎತ್ತಿನ ಬೆಲೆ ಕುದುರಿಸಿದನೆಂದರೆ ಮಾತು ತಪ್ಪಿದ್ದಿಲ್ಲ, ಆ ಜಂಬ ಬೇರೆ. ಇವತ್ತು ಲೋಕಸಭೆ ಚುನಾವಣೆ. ಮನೆಯ ನಾಲ್ಕೂ ಓಟು ನಿಮಗೇ ಎಂದು ಪಕ್ಷದ ಕಾರ್ಯಕರ್ತ ಬೋರಲಿಂಗಯ್ಯನಿಗೆ ಮಾತು ಕೊಟ್ಟಾಗಿತ್ತು!

ಭಾನುಪ್ರಿಯಳಿಗೆ ಹುಟ್ಟಿನಿಂದ ಕಣ್ಣಿಲ್ಲ. ಹೋದ ವರ್ಷದ ವಿಧಾನಸಭೆ ಚುನಾವಣೆಯಲ್ಲಿ ಸಹಾಯಕ್ಕೆಂದು ಜೊತೆಗೆ ಬಂದ ಮಾವ, ಅವಳನ್ನು ಒಂದು ಮಾತೂ ಕೇಳದೆ ಬೆರಳು ಹಿಡಿದು ತನಗೆ ಬೇಕಾದ ಗುಂಡಿ ಒತ್ತಿಸಿದ್ದ. ಆ ಬೀಪ್ ಸದ್ದು ಅವಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಗಂಡ ಮಧುಕುಮಾರ ಬಿಡದಿಯ ಕಾರ್ಖಾನೆಯ ರಾತ್ರಿ ಶಿಫ್ಟಿನಿಂದ ಇನ್ನೂ ಬಂದಿರಲಿಲ್ಲ. ಅವಳ ಪರ ಮಾತಾಡುವವರು ಯಾರು?

"ಕಣ್ ಕಾಣಾಕಿಲ್ಲ, ತಪ್ ಗುಂಡಿ ಒತ್ಬುಟ್ರೆ?" ಮಾವ ಗದರಿದ.

"ಗುಂಡಿ ಪಕ್ಕ ಬ್ರೈಲ್ ನಂಬರ್ ಹಾಕವ್ರೆ. ಇಸ್ಕೂಲಲ್ಲಿ ಕಲ್ತಿದ್ದೀನಿ, ಬೆರಳಲ್ಲೇ ಓದ್ತೀನಿ. ಯಾರ್ದು ಯಾವ್ ನಂಬರ್ ಅಂತಾನೂ ತಿಳ್ಕಂಡಿದ್ದೀನಿ. ಮಾವ… ಟವೆಲ್ ಒಳಗಿನ ರೇಟ್ನ ಅತ್ತೆಗಾದ್ರೂ ಯಾವತ್ತಾದ್ರೂ ಹೇಳಿದ್ದೀರಾ? ನನ್ನ ಬೆರಳಿಗೂ ಅಷ್ಟು ಮರ್ಯಾದೆ ಬ್ಯಾಡ್ವಾ?"

ಮುದುಕ ಎದ್ದು ಚಪ್ಪಲಿ ಮೆಟ್ಟಿದ. ಮತಗಟ್ಟೆಯವರೆಗೂ ಸೊಸೆಯ ಕೈ ಹಿಡಿದೇ ನಡೆಸಿದ, ಮುಖ ಮಾತ್ರ ಗಂಟು.

ಶಾಲೆಯ ಕೋಣೆಯಲ್ಲಿ ಅಧಿಕಾರಿ ಅವಳ ಬಿಳಿ ಕೋಲು ನೋಡಿದವರೇ, ಕೇಳುವ ಗೋಜಿಗೂ ಹೋಗದೆ, ಜೊತೆಗಾರರ ಫಾರಂ ತೆಗೆದು ಚಿಕ್ಕಹನುಮಯ್ಯನ ಮುಂದಿಟ್ಟರು. "ಸಹಿ ಹಾಕಿ ಯಜಮಾನ್ರೇ, ನೀವೇ ಒತ್ತಿಸಿ."

ಭಾನುಪ್ರಿಯ ಒಂದು ಹೆಜ್ಜೆ ಹಿಂದೆ ಸರಿದಳು. ಮಾವ ಪೆನ್ನು ಎತ್ತಿ ಟಿಕ್ ಎನಿಸಿದ್ದು ಕೇಳಿಸಿತು… ಅಯ್ಯೋ, ಮುಗಿಯಿತು!

ಚಿಕ್ಕಹನುಮಯ್ಯ ಸೊಸೆಯ ಬೆರಳು ನೋಡಿದ. ಅವನ ಕೈಗೆ ಸಿಗದಂತೆ ಮುಷ್ಟಿಯೊಳಗೆ ಮಡಿಸಿಕೊಂಡಿದ್ದಳು. ನಲವತ್ತು ವರ್ಷ ಊರೂರಿನವರ ಬೆರಳು ಹಿಡಿದವನು ಅವನು. ಟವೆಲ್ಲಿನ ಒಳಗೆ ಯಾರ ಬೆರಳನ್ನೂ ಬಲವಂತವಾಗಿ ಮಡಿಸಿದವನಲ್ಲ. ಮನೆಯ ಮಗಳಂಥವಳಿಗೆ ಮಾತ್ರ ಹಾಗೆ ಮಾಡಿದ್ದ. ಪೆನ್ನು ಕೆಳಗಿಟ್ಟ.

"ಬ್ಯಾಡಿ ಸಾರ್. ನನ್ ಸೊಸೆ ಓದ್ಕಂಡವ್ಳೆ, ಒಬ್ಳೇ ಹೋಯ್ತಾಳೆ."

ರಟ್ಟಿನ ಮರೆಯ ಹಿಂದೆ ಅವಳ ಬೆರಳು ಚುಕ್ಕೆಗಳನ್ನು ತಡವಿತು, ನಿಂತಿತು, ಒತ್ತಿತು. ಬೀಪ್! ಅಬ್ಬಾ… ಒಂದು ವರ್ಷದ ಭಾರ ಇಳಿದುಹೋಗಿ ಅವಳು ಅಳುತ್ತಲೇ ನಕ್ಕಳು.

ಹೊರಗೆ ಬೋರಲಿಂಗಯ್ಯ ಕಾದಿದ್ದ. "ಏನ್ಲಾ, ನಿನ್ ಸೊಸೆ ಯಾರಿಗ್ಲಾ ಒತ್ತಿದ್ದು?"

ಚಿಕ್ಕಹನುಮಯ್ಯ ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಸೊಸೆಯ ಕೈ ಹಿಡಿದ.

"ಟವೆಲ್ ಒಳಗಿನ ಮಾತು ಕಣ್ಲಾ. ನಾನೇ ಕೇಳಿಲ್ಲ, ನೀ ಯಾವನ್ಲಾ ಕೇಳಾಕೆ?"